ಜಪಾನ್‌ನಲ್ಲಿ ರಿನೋವೇಟ್ ಆದ ಹಳೇ ಮನೆ ತಗೊಂಡಿದ್ದು ಹೇಗೆ: ನನ್ನ ಅನುಭವ

ಟೋಕಿಯೋದಲ್ಲಿ ನಿಶಿ ಕಸಾಯ್ ಕಡೆ ನಮ್ಮ ಇಂಡಿಯನ್ಸ್ ಜಾಸ್ತಿ, ನಾವೂ ಅಲ್ಲೇ ಬಾಡಿಗೆಗಿದ್ವಿ. ಆದ್ರೆ ಅದಿರೋ ಎಡೋಗಾವಾ ವಾರ್ಡಿನ ಬಹುಪಾಲು ತಗ್ಗು ಜಾಗ, 2019ರಲ್ಲಿ ವಾರ್ಡಿನವ್ರೇ ತಮ್ಮ ಪ್ರವಾಹದ ಮ್ಯಾಪ್ ಮೇಲೆ 'ಇಲ್ಲಿ ಇರ್ಬೇಡಿ' ಅಂತ ಪ್ರಿಂಟ್ ಹಾಕಿದ್ರು. ಅದಕ್ಕೇ ಸ್ವಂತ ಮನೆ ಅಂತ ಬಂದಾಗ ನಿಶಿ ಕಸಾಯ್ ಮೇಲೇ ಹೋಗೋ ತೋಝಾಯ್ ಮೆಟ್ರೋ ಲೈನ್ ಹಿಡಿದು ಪಕ್ಕದ ಚಿಬಾ ಪ್ರಾಂತ್ಯದ ಯಾಚಿಯೋ ಕಡೆ ಹುಡುಕಿದ್ವಿ. ಎತ್ತರದ ಜಾಗ, ನಿಶ್ಶಬ್ದ ಬೀದಿಗಳು, ಮಕ್ಕಳು ಸ್ಕೂಲಿಗೆ ತಾವೇ ನಡ್ಕೊಂಡು ಹೋಗ್ತಾರೆ.

ರಿನೋವೇಟ್ ಆದ ಮನೆ ಒಳಗೆ ಕಾಲಿಟ್ರೆ ಹೊಸ ಕಿಚನ್ನು, ಹೊಸ ವಾಲ್‌ಪೇಪರ್, ಹೊಸ ಬಾತ್‌ರೂಮು, ನನ್ನ ಹೆಂಡ್ತಿಗೆ ಮೊದಲ ಮನೆನೇ ಇಷ್ಟ ಆಗೋಯ್ತು. ನಾನು ಮಾತ್ರ ಮೊದಲು ಕೇಳ್ತಿದ್ದಿದ್ದು ಕಟ್ಟೋಕೆ ಪರ್ಮಿಷನ್ ಸಿಕ್ಕಿದ ತಾರೀಖು. 1981ರ ಜೂನ್ 1ರಿಂದ ಭೂಕಂಪದ ರೂಲ್ಸ್ ಬಿಗಿ ಆಯ್ತು, ಲೆಕ್ಕಕ್ಕೆ ಬರೋದು ಪರ್ಮಿಷನ್ ತಾರೀಖೇ, ಹಾಗಾಗಿ 1982ರಲ್ಲಿ ಕಟ್ಟಿ ಮುಗಿಸಿದ ಮನೆನೂ ಹಳೇ ರೂಲ್ಸಿಂದೇ ಆಗಿರ್ಬಹುದು. ಕೋಬೆ ಭೂಕಂಪ ಆದ್ಮೇಲೆ 2000ದಲ್ಲಿ ಮರದ ಮನೆಗಳಿಗೆ ಇನ್ನೊಂದು ಸುತ್ತು ಬಿಗಿ ಮಾಡಿದ್ರು, ಕಂಬ ಸೇರೋ ಕಡೆ ಹಾಕೋ ಲೋಹದ ಪಟ್ಟಿ, ಗೋಡೆಗಳ ಬ್ಯಾಲೆನ್ಸು, ಎಲ್ಲಾ. ನಾನು 2000ದ ನಂತರದ್ದನ್ನೇ ಹಿಡ್ಕೊಂಡೆ, ಬಜೆಟ್ ಸ್ವಲ್ಪ ಎಳೀಬೇಕಾಯ್ತು, ಪರವಾಗಿಲ್ಲ.

ಇಷ್ಟ ಆದ ಮನೆಗೆ ಅಡ್ವಾನ್ಸ್ ಕೊಡೋ ಮುಂಚೆ ನಮ್ಮ ದುಡ್ಡಲ್ಲೇ ಇನ್‌ಸ್ಪೆಕ್ಟರ್ ಕರೆಸಿದ್ವಿ, ಇದನ್ನ ಯಾರೂ ಬಿಡ್ಬೇಡಿ. ಅಡುಗೆಮನೆ ನೆಲದಲ್ಲಿ ಸಾಮಾನು ಇಡೋ ಪೆಟ್ಟಿಗೆ ಇರತ್ತಲ್ಲ, ಅದನ್ನ ಎತ್ತಿ ಆ ಪುಣ್ಯಾತ್ಮ ನೆಲದಡಿ ತೆವಳ್ಕೊಂಡು ಹೋದ್ರು. ಫೌಂಡೇಶನ್‌ನಲ್ಲಿ 0.5 ಮಿಮೀಗಿಂತ ಅಗಲದ ಬಿರುಕಿದ್ಯಾ, ಪೈಪ್ ಸೋರ್ತಿದ್ಯಾ, ಗೆದ್ದಲು ದಾರಿ ಮಾಡಿದ್ಯಾ ಅಂತ ನೋಡಿದ್ರು. ಮೇಲೆ ಬಂದು ಲೇಸರ್ ಇಟ್ಟು ನೆಲದ ಇಳಿಜಾರು ಅಳೆದ್ರು, ಸಾವಿರಕ್ಕೆ 6, ಅಂದ್ರೆ ಒಂದು ಮೀಟರ್‌ಗೆ 6 ಮಿಮೀ ದಾಟಿದ್ರೆ ಅನುಮಾನ ಪಡ್ಬೇಕು ಅಂದ್ರು. ಬೀರು ಮೇಲಿನ ಸೀಲಿಂಗ್ ಸರಿಸಿ ಅಟ್ಟಕ್ಕೂ ಟಾರ್ಚ್ ಹಾಕಿದ್ರು. ವಾಲ್‌ಪೇಪರ್ ಮುಚ್ಚೋದು ಗೋಡೆ ಕಲೆ ಮಾತ್ರ, ಚಾವಣಿ ಸೋರಿದ್ರೆ ಅಟ್ಟದಲ್ಲಿ ಸಾಮಾನ್ಯವಾಗಿ ಗುರುತು ಉಳ್ಯತ್ತೆ.

ಮುಂದಿನ ರೋಡ್ ಮರೀಬೇಡಿ. 4 ಮೀಟರ್ ಅಗಲದ ರೋಡಿಗೆ ಸೈಟು ಕನಿಷ್ಠ 2 ಮೀಟರ್ ತಾಗ್ಬೇಕು, ಇಲ್ಲಾಂದ್ರೆ ಮುಂದೆ ಕೆಡವಿ ಹೊಸದಾಗಿ ಕಟ್ಟೋಕೆ ಸಾಮಾನ್ಯವಾಗಿ ಪರ್ಮಿಷನ್ ಸಿಗಲ್ಲ, ಅಂಥ ಮನೆ ಚೀಪಾಗಿ ಬರೋದೇ ಅದಕ್ಕೆ. ರೋಡ್ ಖಾಸಗಿ ಆಗಿದ್ರೆ ನಮ್ಮ ಪಾಲು ಪತ್ರದಲ್ಲಿ ಇದ್ಯಾ ಅಂತನೂ ನೋಡ್ಕೊಂಡೆ.

ಫಾರಿನರ್ಸ್ ಇಲ್ಲಿ ಜಮೀನು ಸಮೇತ ಮನೆ ತಗೋಬಹುದು, ಕಷ್ಟ ಇರೋದು ಲೋನಲ್ಲಿ, ತುಂಬಾ ಬ್ಯಾಂಕ್‌ಗಳು ಪರ್ಮನೆಂಟ್ ರೆಸಿಡೆನ್ಸಿ ಕೇಳ್ತವೆ, ನಮಗೆ ಅದು ಮೊದಲೇ ಬಂದಿತ್ತು. ಏಜೆಂಟ್ ಫೀ ಸಾಮಾನ್ಯವಾಗಿ ಹೆಚ್ಚಂದ್ರೆ ಬೆಲೆಯ 3 ಪರ್ಸೆಂಟ್ ಜೊತೆಗೆ 60,000 ಯೆನ್, ಮೇಲೆ ಟ್ಯಾಕ್ಸು.

ಮಾರ್ತಿರೋದು ಯಾರು ಅನ್ನೋದೂ ಮುಖ್ಯ. ರಿಯಲ್ ಎಸ್ಟೇಟ್ ಕಂಪನಿಯೇ ಹಳೇ ಮನೆ ಕೊಂಡು ರಿಪೇರಿ ಮಾಡಿ ಮಾರಿದ್ರೆ, ದೋಷ ಕಂಡು ತಿಳಿಸೋಕೆ ಕಾನೂನು ಪ್ರಕಾರ ಕನಿಷ್ಠ 2 ವರ್ಷ ಟೈಮ್ ಕೊಡ್ಲೇಬೇಕು, ಮನೆಯವ್ರೇ ನೇರವಾಗಿ ಮಾರಿದ್ರೆ ಈ ರಕ್ಷಣೆ ತುಂಬಾ ಕಮ್ಮಿ. ನಮ್ದು ಕಂಪನಿ ಮಾರಿದ್ದು. ಸೈನ್ ಹಾಕೋ ಮುಂಚೆ ರಿನೋವೇಶನ್‌ನಲ್ಲಿ ಯಾವ ಪೈಪ್ ಬದಲಾಯಿಸಿದ್ರು ಯಾವುದು ಹಾಗೇ ಬಿಟ್ರು ಅನ್ನೋ ಪಟ್ಟಿ, ಗೋಡೆ ಬಿಚ್ಚಿದಾಗ ತೆಗೆದ ಫೋಟೋ, ಗೆದ್ದಲು ಔಷಧಿ ಗ್ಯಾರಂಟಿ ಕಾಗದ ಮೂರೂ ಕೇಳಿ ಇಸ್ಕೊಂಡೆ, ನೀವೂ ಕೇಳಿ, ಕೊಡಲ್ಲ ಅಂದ್ರೆ ಬೇರೆ ಮನೆ ನೋಡಿ.