ಆಕಾಶದ ಕಲ್ಲು ಹುಡುಕುವವರಿಗೆ: ಮೊದಲು ಟೆರೇಸ್ ಗುಡಿಸಿ

ನಮ್ಮ ಸೊಸೈಟಿಯ ಹುಡುಗನೊಬ್ಬ ಪುಣೆ ಹತ್ತಿರದ ಸಿಂಹಗಡದ ಬುಡದಿಂದ ಒಂದು ಕಪ್ಪು ಕಲ್ಲು ತಂದು ನನ್ನ ಟೀಪಾಯಿ ಮೇಲಿಟ್ಟ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿದರೆ ಅದು ಕಲ್ಲಿನ ಕಡೆ ವಾಲುತ್ತಿತ್ತು. ‘ಅಂಕಲ್, ಉಲ್ಕೆ ಹೌದಲ್ಲ?’ ಅಲ್ಲ ಅನ್ನಲು ಮನಸ್ಸಾಗದೆ ಅಡುಗೆಮನೆಯ ತಕ್ಕಡಿ ತಂದೆ.

ಈ ಪರೀಕ್ಷೆ ಯಾರೂ ಮಾಡಬಹುದು. ಮೊದಲು ಕಲ್ಲನ್ನು ತೂಗಿ: ನಮ್ಮದು 480 ಗ್ರಾಂ. ಆಮೇಲೆ ನೀರು ತುಂಬಿದ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 168 ತೋರಿಸಿತು. 480ನ್ನು 168ರಿಂದ ಭಾಗಿಸಿದರೆ ಸುಮಾರು 2.86, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಅಷ್ಟು ಪಟ್ಟು ಭಾರ. ಸಾಮಾನ್ಯ ಉಲ್ಕಾಶಿಲೆ ಹೆಚ್ಚುಕಡಿಮೆ 3.3ರಿಂದ 3.7ರ ಆಸುಪಾಸಿನಲ್ಲಿರುತ್ತದೆ, ಇದು ಅಪ್ಪಟ ಸಹ್ಯಾದ್ರಿಯ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಮೇಲೆ ನಾವೆಲ್ಲ ಫ್ಲ್ಯಾಟ್ ಕಟ್ಟಿಕೊಂಡಿದ್ದೇವೆ. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುವುದರಿಂದ ಅಯಸ್ಕಾಂತ ವಾಲುತ್ತದೆ, ಅಷ್ಟೇ. ಮೈತುಂಬಾ ಸಣ್ಣ ಸಣ್ಣ ತೂತುಗಳಿದ್ದರಂತೂ ತಕ್ಕಡಿಯೂ ಬೇಡ. ಅವು ಲಾವಾದ ಗುಳ್ಳೆಗಳ ಗುರುತು. ಉಲ್ಕಾಶಿಲೆಯಲ್ಲಿ ಅಂಥವು ಇರುವುದು ತೀರಾ ಅಪರೂಪ.

ಗೋವಾದಲ್ಲಿರುವವರನ್ನು ಏಮಾರಿಸುವುದು ಕಬ್ಬಿಣದ ಅದಿರು. ನೆಲಕ್ಕೆ ಹಾಕುವ ಟೈಲ್ಸಿನ ಹಿಂಭಾಗದ ಒರಟು ಮೈಗೆ ಕಲ್ಲನ್ನು ಉಜ್ಜಿ ನೋಡಿ. ಇಟ್ಟಿಗೆ ಬಣ್ಣದ ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದರೆ ಮ್ಯಾಗ್ನೆಟೈಟ್ ಅಥವಾ ಮ್ಯಾಂಗನೀಸ್. ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆಯನ್ನೇ ಬಿಡುವುದಿಲ್ಲ. ಅದರ ಹೊರಗೆ ಹಪ್ಪಳದಷ್ಟು ತೆಳುವಾದ ಸುಟ್ಟ ಕಪ್ಪು ಪದರವಿರುತ್ತದೆ. ಕೆಲವಕ್ಕೆ ಹಸಿ ಮಣ್ಣಿನಲ್ಲಿ ಹೆಬ್ಬೆರಳು ಒತ್ತಿದಂಥ ತಗ್ಗುಗಳೂ ಇರುತ್ತವೆ.

ಹಾಗಾದರೆ ಈ ಕಡೆ ಉಲ್ಕಾಶಿಲೆ ಬೀಳುವುದೇ ಇಲ್ಲವೇ? 2012ರ ಮೇ 22ರಂದು ನಾಗಪುರ ಜಿಲ್ಲೆಯ ಕಾಟೋಲ್‌ನಲ್ಲಿ ಕಲ್ಲುಗಳ ಮಳೆಯೇ ಆಯಿತು. 2008ರಲ್ಲಿ ಹೊಸೂರಿನ ಹತ್ತಿರದ ಸೂಳಗಿರಿಯಲ್ಲೂ ಬಿದ್ದಿತ್ತು. ನಿಮ್ಮ ಅದೃಷ್ಟಕ್ಕೆ ಹಾಗೆ ಬಿದ್ದದ್ದು ಕಣ್ಣಿಗೆ ಬಿದ್ದರೆ ಮೊದಲು ಅಯಸ್ಕಾಂತವನ್ನು ಜೇಬಿನಲ್ಲಿ ಬಚ್ಚಿಡಿ. ಕಲ್ಲು ಹುಟ್ಟಿದಾಗಿನಿಂದ ಉಳಿಸಿಕೊಂಡು ಬಂದ ಕಾಂತತ್ವದ ನೆನಪನ್ನು ಅದು ಅಳಿಸಿಬಿಡುತ್ತದೆ. ತೊಳೆಯಬೇಡಿ, ಕುಟ್ಟಬೇಡಿ. ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೊ ತೆಗೆದು, ಜಾಗ ಮತ್ತು ಸಮಯ ಬರೆದುಕೊಂಡು, ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ. ಲೋಣಾರ್‌ಗೆ ಹೋದವರೂ ಕಲ್ಲು ಎತ್ತಿಕೊಂಡು ಬರಬೇಡಿ, ಉಲ್ಕಾಪಾತದಿಂದಾದ ಆ ಕುಳಿ ಈಗ ಅಭಯಾರಣ್ಯ. ಇನ್ನು, ಊರ ಕಡೆ ‘ರೈಸ್ ಪುಲ್ಲಿಂಗ್’ ಚೊಂಬು ಮಾರಿದವರ ಬಂಧುಗಳೇ ‘ಉಲ್ಕೆಯ ಕಲ್ಲು’ ಮಾರಲೂ ಬರುತ್ತಾರೆ. ದುಡ್ಡು ಕೊಡಬೇಡಿ.

ಉಲ್ಕೆ ನೋಡುವುದು ಇದಕ್ಕಿಂತ ಸುಲಭ, ಖರ್ಚೂ ಇಲ್ಲ. ಆಗಸ್ಟ್ 12ರ ಆಸುಪಾಸಿನ ಪರ್ಸೀಡ್ ಉಲ್ಕಾವೃಷ್ಟಿಯ ಬಗ್ಗೆ ಪೇಪರಿನವರು ಪ್ರತಿ ವರ್ಷ ಬರೆಯುತ್ತಾರೆ, ನಮಗೆ ಕಾಣುವುದು ಮೋಡ. ಪುಣೆ, ಮುಂಬೈಯವರು ಕಾಯಬೇಕಾದದ್ದು ಡಿಸೆಂಬರ್ 13-14ರ ಜೆಮಿನಿಡ್‌ಗೆ. ಫೇಥಾನ್ ಎಂಬ ಕ್ಷುದ್ರಗ್ರಹ ಉದುರಿಸಿದ ಧೂಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ ಉರಿಯುತ್ತದೆ. ಉಳಿದ ಹಲವು ವೃಷ್ಟಿಗಳಿಗೆ ಹೋಲಿಸಿದರೆ ಇದು ನಿಧಾನ, ಹಾಗಾಗಿ ‘ಅಗೋ’ ಅಂದರೆ ಪಕ್ಕದವರಿಗೂ ನೋಡಲು ಸಿಗುತ್ತದೆ.

ಮೊದಲು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಅಮಾವಾಸ್ಯೆಯ ಹತ್ತಿರವಿದ್ದರೆ ಹಬ್ಬ, ಹುಣ್ಣಿಮೆ ಹತ್ತಿರವಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಶುಕ್ಲ ಪಂಚಮಿಯಾದರೂ ಪರವಾಗಿಲ್ಲ, ನಡುರಾತ್ರಿಗೆ ಮೊದಲೇ ಚಂದ್ರ ಮುಳುಗುತ್ತಾನೆ. ಪುಣೆಯವರು ಪಾನಶೇತ್ ಅಥವಾ ಭೋರ್ ಕಡೆ ಹೋಗಬಹುದು. ಮುಂಬೈಯವರಿಗೆ ಕರ್ಜತ್ ಲೈನಿನ ವಾಂಗಣಿ ಇದೆ. ಅಲ್ಲಿ ಖಗೋಳ ಮಂಡಳದವರು ರಾತ್ರಿಯಿಡೀ ಆಕಾಶ ತೋರಿಸುವ ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ. ಚಾಪೆ ಹಾಸಿ ಅಂಗಾತ ಮಲಗಿ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಫೋನು ಬ್ಯಾಗಿನೊಳಗಿರಲಿ. ಕಣ್ಣು ಕತ್ತಲಿಗೆ ಪಳಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ವಾಟ್ಸ್ಆ್ಯಪ್ ಒಂದು ಸಲ ತೆರೆದರೆ ಮತ್ತೆ ಮೊದಲಿನಿಂದ. ಮಿಥುನ ರಾಶಿ ರಾತ್ರಿ ಎರಡರ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಅದನ್ನೇ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಉದ್ದದ ಗೆರೆಗಳು ಅಲ್ಲೇ. ಗಂಟೆಗೆ 120, 150 ಎನ್ನುವ ಲೆಕ್ಕ ಪರಿಪೂರ್ಣ ಕತ್ತಲಿಗೆ ಮಾತ್ರ. ಪುಣೆಯ ಕೋಥ್ರೂಡಿನ ಟೆರೇಸಿನಿಂದ ಎರಡು ಗಂಟೆಯಲ್ಲಿ ನನಗೆ ಕಂಡದ್ದು ಏಳು.

ಟೆರೇಸಿನ ನಿಜವಾದ ಉಪಯೋಗ ಬೇರೆ. ಆಕಾಶದಿಂದ ಮರಳಿನ ಕಣಕ್ಕಿಂತ ಚಿಕ್ಕ ಉಲ್ಕಾಕಣಗಳು ದಿನವೂ ಬೀಳುತ್ತಲೇ ಇರುತ್ತವೆ. ಊರಿನ ಕೊಳೆಯಲ್ಲಿ ಅವನ್ನು ಹುಡುಕುವುದು ಅಸಾಧ್ಯ ಎಂದೇ ವಿಜ್ಞಾನಿಗಳು ನಂಬಿದ್ದರು. ನಾರ್ವೆಯ ಜಾಝ್ ಸಂಗೀತಗಾರ ಯಾನ್ ಲಾರ್ಸೆನ್ ಪಟ್ಟು ಬಿಡಲಿಲ್ಲ. ಓಸ್ಲೊ, ಪ್ಯಾರಿಸ್, ಬರ್ಲಿನ್ ಛಾವಣಿಗಳ 300 ಕಿಲೊ ಕಸದಿಂದ 500 ಕಣ ಹೆಕ್ಕಿದ ಕೆಲಸ 2017ರಲ್ಲಿ ಸಂಶೋಧನಾ ಪ್ರಬಂಧವಾಗಿ ಬಂತು.

ನಮ್ಮ ಮುಹೂರ್ತ ಮಳೆ ನಿಂತ ಮೇಲೆ, ದೀಪಾವಳಿಗೆ ಮುಂಚೆ. ನೀರು ಇಳಿಯುವ ಪೈಪಿನ ಮೂಲೆಯಲ್ಲಿ ಕಟ್ಟಿಕೊಂಡ ಕರಿ ಗಸಿಯನ್ನು ಬಕೆಟ್ಟಿಗೆ ತುಂಬಿ. ಒಂದು ಹನಿ ಪಾತ್ರೆ ಸೋಪು ಹಾಕಿ, ಕಲಕಿ, ತೇಲುವ ಎಲೆ-ಕಡ್ಡಿ ಚೆಲ್ಲಿ; ಅಕ್ಕಿ ತೊಳೆದಂತೆ ನಾಲ್ಕೈದು ಸಲ. ಉಳಿದದ್ದನ್ನು ಪೇಪರಿನ ಮೇಲೆ ಒಣಗಿಸಿ ಚಹಾ ಜರಡಿಯಲ್ಲಿ ಸೋಸಿ. ಬಲವಾದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೆಳಗುದುರಿದ ಪುಡಿಯ ಮೇಲೆ ಆಡಿಸಿ. ಚೀಲ ಮಗುಚಿದರೆ ಹಿಡಿದದ್ದೆಲ್ಲ ಬಿಳಿ ತಟ್ಟೆಗೆ ಉದುರುತ್ತದೆ. ಈಗ ಯುಎಸ್‌ಬಿ ಮೈಕ್ರೋಸ್ಕೋಪ್. ನೀವು ಹುಡುಕುವ ಗುಂಡನೆಯ ಕಣದ ಅಳತೆ ಸುಮಾರು 0.3 ಮಿ.ಮೀ.

ತಟ್ಟೆಯ ತುಂಬ ಗುಂಡುಗಳೇ ಕಂಡರೆ ಕುಣಿಯಬೇಡಿ. ಕಿಟಕಿಯ ಗ್ರಿಲ್ ವೆಲ್ಡ್ ಮಾಡಿದಾಗ ಹಾರಿದ ಕಿಡಿ, ಗ್ರೈಂಡರಿನ ಕಿಡಿ, ಹೋದ ವರ್ಷದ ಸುರ್‌ಸುರ್ ಬತ್ತಿ, ಎಲ್ಲವೂ ಆರಿದಾಗ ಗುಂಡೇ ಆಗುತ್ತವೆ. ಕನ್ನಡಿಯಂತೆ ಹೊಳೆದರೆ, ಬಾಲವಿದ್ದರೆ, ಒಡೆದಾಗ ಒಳಗೆ ಟೊಳ್ಳಾಗಿದ್ದರೆ ಬಿಸಾಡಿ. ಉಲ್ಕಾಕಣದ ಮೈ ಮಂಕು. ಅದರ ಮೇಲೆ ಆಮೆಯ ಚಿಪ್ಪಿನಂತೆಯೋ ಬಾಚಣಿಗೆಯ ಹಲ್ಲಿನಂತೆಯೋ ಗೆರೆಗಳು ಸಾಲುಗಟ್ಟಿರುತ್ತವೆ. ಕೆಲವೊಮ್ಮೆ ಒಂದು ತುದಿಯಲ್ಲಿ ಲೋಹದ ಮಣಿ ಮೂಗಿನಂತೆ ಚಾಚಿರುತ್ತದೆ. ಅಂಥದ್ದು ಕಂಡರೆ ತುದಿ ಒದ್ದೆ ಮಾಡಿದ ಟೂತ್‌ಪಿಕ್ಕಿನಿಂದ ಎತ್ತಿ, ತಾರೀಖು ಬರೆದಿಡಿ. ಖಾತ್ರಿಯಾಗಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ರಾಸಾಯನಿಕ ಪರೀಕ್ಷೆ ಆಗಲೇಬೇಕು.

ಮೂರು ಅಕ್ಟೋಬರ್‌ಗಳಲ್ಲಿ ನಾನೂ ಆ ಹುಡುಗನೂ ಸೇರಿ ಹತ್ತಾರು ಬಕೆಟ್ ಗಸಿ ತೊಳೆದಿದ್ದೇವೆ. ಗೆರೆ ಗೆರೆ ಮೈಯ ಒಂದೇ ಒಂದು ಕಣ ಹೋಮಿಯೋಪತಿ ಮಾತ್ರೆಯ ಸೀಸೆಯಲ್ಲಿ ಕೂತಿದೆ. ಹುಡುಗ ಈಗ ಇಂಜಿನಿಯರಿಂಗ್ ಎರಡನೇ ವರ್ಷ; ಕಾಲೇಜಿನ ಲ್ಯಾಬಿನವರ ಹಿಂದೆ ಬಿದ್ದಿದ್ದಾನೆ.