ಎಸ್ಸೆಸ್ಸೆಲ್ಸಿ ನಂತರ ಸರ್ಕಾರಿ ಐಟಿಐ: ಸೇರುವುದು ಹೇಗೆ?

ರಿಸಲ್ಟ್ ಬಂದ ದಿನ ನಮ್ಮ ಕಲ್ಯಾಣ ಕರ್ನಾಟಕದ ಕಡೆ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಸೈನ್ಸಾ, ಕಾಮರ್ಸಾ? ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ನೆನಪಾಗುವ ಹೊತ್ತಿಗೆ ಅರ್ಜಿ ಹಾಕುವ ದಿನಾಂಕ ಮುಗಿದಿರುತ್ತದೆ. ಅದಕ್ಕೇ ರಿಸಲ್ಟ್‌ಗೆ ಕಾಯಬೇಡಿ, ಕಾಗದಪತ್ರದ ಕೆಲಸ ಈಗಲೇ ಶುರು ಮಾಡಿ.

ಮೊದಲು 371(ಜೆ) ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿಯದ್ದು. ಈ ವಿಧಿಯ ಮೀಸಲಾತಿ ಕಾಲೇಜುಗಳಿಗಷ್ಟೇ ಅಲ್ಲ, ವೃತ್ತಿ ತರಬೇತಿ ಸಂಸ್ಥೆಗಳಿಗೂ ಇದೆ. ಈ ಪ್ರಮಾಣಪತ್ರ ಸಿಗುವುದು ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಅಲ್ಲಿ ಕೊಡುವ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಬರೆದಿಟ್ಟುಕೊಳ್ಳಿ.

ಇಲ್ಲೊಂದು ಎಡವಟ್ಟು ಪ್ರತಿ ವರ್ಷ ಆಗುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ಹೆಸರು ‘ಮಲ್ಲಿಕಾರ್ಜುನ’, ಆಧಾರ್‌ನಲ್ಲಿ ‘ಮಲ್ಲಪ್ಪ’. ಊರಲ್ಲಿ ಇಬ್ಬರೂ ಒಬ್ಬರೇ ಅಂತ ಎಲ್ಲರಿಗೂ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ! ದಾಖಲೆ ಪರಿಶೀಲನೆಯ ದಿನ ಓಡಾಡುವುದಕ್ಕಿಂತ ಈಗಲೇ ಸರಿಪಡಿಸಿಕೊಳ್ಳುವುದು ಮೇಲು.

ಆಮೇಲೆ ಟ್ರೇಡ್, ಅಂದರೆ ಐಟಿಐಯಲ್ಲಿ ಕಲಿಯುವ ಕಸುಬು. ಎಲ್ಲರೂ ಎಲೆಕ್ಟ್ರಿಷಿಯನ್, ಫಿಟ್ಟರ್ ಅಂತಲೇ ಬರೆಯುತ್ತಾರೆ. ಎರಡೂ ಎರಡು ವರ್ಷದ್ದು, ಪೈಪೋಟಿಯೂ ಜಾಸ್ತಿ. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್ ಕೋರ್ಸ್) ಒಂದೊಂದು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗದವರಿಗೂ ವೆಲ್ಡರ್ ದಾರಿ ತೆರೆದಿದೆ, ಎಂಟನೇ ತರಗತಿ ಸಾಕು. ಸುಮ್ನೆ ಗೆಳೆಯ ಬರೆದ ಅಂತ ಬರೆಯಬೇಡಿ. ಸಂಸ್ಥೆಗೆ ಹೋಗಿ ವರ್ಕ್‌ಶಾಪ್ ನೋಡಿ. ಲೇತ್ ಓಡುತ್ತಿದೆಯಾ, ಮೇಲೆ ಧೂಳು ಕೂತಿದೆಯಾ? ಮಕ್ಕಳ ಕೈಗೆ ಎಣ್ಣೆ ಹತ್ತಿದೆಯಾ? ಪ್ರಾಸ್ಪೆಕ್ಟಸ್ ಓದುವುದಕ್ಕಿಂತ ಇದರಿಂದ ತಿಳಿಯುವುದೇ ಹೆಚ್ಚು. ಆ ಟ್ರೇಡ್‌ಗೆ ಕೇಂದ್ರ ಸರ್ಕಾರದ ಮಾನ್ಯತೆ (ಜನ ಈಗಲೂ ಎನ್‌ಸಿವಿಟಿ ಅಂತ ಕರೆಯುವುದು) ಇದೆಯಾ ಅಂತಲೂ ಕೇಳಿ. ಖಾಸಗಿ ಐಟಿಐ ಆದರೆ ಇದನ್ನು ಕೇಳದೆ ದುಡ್ಡು ಕಟ್ಟಲೇಬೇಡಿ.

ಅರ್ಜಿ ಆನ್‌ಲೈನ್‌ನಲ್ಲಿ. ವಯಸ್ಸು 14 ತುಂಬಿರಬೇಕು. ಸೈಬರ್ ಸೆಂಟರ್‌ನವರ ನಂಬರ್ ಹಾಕಿಸಬೇಡಿ, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಸೀಟು ಸಿಕ್ಕಿದ ಮೆಸೇಜ್ ಅವರ ಫೋನಿನಲ್ಲೇ ಉಳಿದರೆ ಕಷ್ಟ, ಅಲ್ವಾ?

ಸೇರುವಾಗಲೇ ಅಪ್ರೆಂಟಿಸ್‌ಶಿಪ್ (ಕೆಲಸದ ಜಾಗದಲ್ಲೇ ಕೊಡುವ ತರಬೇತಿ) ಬಗ್ಗೆ ವಿಚಾರಿಸಿ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಯಾದಗಿರಿಯವರಿಗೆ ಕಡೇಚೂರು, ಬೀದರ್‌ನವರಿಗೆ ಹುಮನಾಬಾದ್ ಕೈಗಾರಿಕಾ ಪ್ರದೇಶ ಹತ್ತಿರ. ವಿದ್ಯುತ್ ಕಂಪನಿ ಜೆಸ್ಕಾಂ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎರಡರ ಕೇಂದ್ರ ಕಚೇರಿಯೂ ಕಲಬುರಗಿಯಲ್ಲೇ ಇದೆ. ಅಪ್ರೆಂಟಿಸ್ ಆದವರಿಗೆ ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಇನ್ನೂ ಓದುವ ಆಸೆ ಇದ್ದರೆ ಎರಡು ವರ್ಷದ ಟ್ರೇಡ್ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು.