ಚರಂಡಿ ನೀರಿನಿಂದ ಕ್ಲೆಬ್ಸಿಯೆಲ್ಲಾ ಫೇಜ್: ವಿಜಯಪುರದ ಲ್ಯಾಬಿನಲ್ಲಿ ನನ್ನ ಅನುಭವ

ಅಲ್ಟ್ರಾಸೆಂಟ್ರಿಫ್ಯೂಜ್ (ಅತಿವೇಗದಲ್ಲಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಇಲ್ಲ, ಕಿಟ್ ಇಲ್ಲ, ಮೇಲೆ ವಿಜಯಪುರದ ಬಿಸಿಲು, ಇಲ್ಲಿ ಫೇಜ್ (ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್) ಸಿಗೋದಿಲ್ಲ ಅಂದವರೇ ಹೆಚ್ಚು. ಸಿಕ್ಕಿವೆ. ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾದ ತಳಿಗಳನ್ನು ಒಡೆಯುವ ಮೂರು ಫೇಜ್ ಈಗ ನಮ್ಮ ಫ್ರಿಜ್ಜಿನಲ್ಲಿವೆ. ಡಬಲ್ ಲೇಯರ್ ಅಗರ್ (ಗಟ್ಟಿ ಅಗರಿನ ಮೇಲೆ ಹೋಸ್ಟ್ ಬ್ಯಾಕ್ಟೀರಿಯಾ, ಫೇಜ್ ಬೆರೆಸಿದ ಮೆದು ಟಾಪ್ ಅಗರ್ ಸುರಿಯುವ ವಿಧಾನ) ಕೈಗೆ ಹತ್ತಿದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಮೂಲಪಾಠ ಬಿಟ್ಟಿದ್ದೇನೆ.

ಮೊದಲ ನಾಲ್ಕೈದು ತಿಂಗಳು, ಸುಮಾರು 11 ಸ್ಯಾಂಪಲ್, ಒಂದೂ ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾ ಕೊಂದಲ್ಲಿ ಪ್ಲೇಟಿನಲ್ಲಿ ಕಾಣುವ ತಿಳಿ ಮಚ್ಚೆ) ಇಲ್ಲ. ತಪ್ಪು ಹೋಸ್ಟಿನಲ್ಲಿ (ಫೇಜ್ ಬೆಳೆಯಲು ಕೊಡುವ ಬ್ಯಾಕ್ಟೀರಿಯಾ) ಇರಲಿಲ್ಲ, ಬಾಟಲಿಯಲ್ಲಿತ್ತು. ಆಸ್ಪತ್ರೆಯ ತ್ಯಾಜ್ಯನೀರನ್ನು ಹೊರಹರಿವಿನ ಬಾಯಲ್ಲೇ ತುಂಬಿಕೊಳ್ಳುತ್ತಿದ್ದೆ, ಅಂದರೆ ಸೋಂಕು ಕೊಲ್ಲುವ ಹೈಪೋಕ್ಲೋರೈಟ್ ಬಿದ್ದ ಮೇಲೆ. ಲ್ಯಾಬ್ ಮುಟ್ಟುವ ತನಕ ಉಳಿದ ಕ್ಲೋರಿನ್ ಬಾಟಲಿಯೊಳಗೇ ಫೇಜ್‌ಗಳನ್ನು ಕೊಂದು ತನ್ನ ಕೆಲಸ ಮುಗಿಸುತ್ತಿತ್ತು. ಈಗ ಕ್ಲೋರಿನ್ ಸೇರುವ ಮೊದಲಿನ ಚೇಂಬರಿನಿಂದಲೇ ತೆಗೆಯುತ್ತೇನೆ. ಜೊತೆಗೆ ಪ್ರತಿ 120 ಮಿ.ಲೀ. ಬಾಟಲಿಗೆ ಉಳಿದ ಕ್ಲೋರಿನ್ ಅಳಿಸುವ 10% ಸೋಡಿಯಂ ಥಯೋಸಲ್ಫೇಟ್ 0.1 ಮಿ.ಲೀ. ಹಾಕಿ, ಬಾಟಲಿ ಸಮೇತ ಆಟೋಕ್ಲೇವ್ ಮಾಡಿಟ್ಟಿರುತ್ತೇನೆ. ಇದಾದ ಮೇಲಿನ ಎರಡನೇ ಸ್ಯಾಂಪಲ್ಲಿನಲ್ಲೇ ಪ್ಲಾಕ್ ಬಂತು. ಕುಡಿಯುವ ನೀರಿನ ಪರೀಕ್ಷೆ ಮಾಡುವವರಿಗೆ ಇದು ನಿತ್ಯದ ಮಾತು. ನಮ್ಮ ಫೇಜ್ ಪ್ರೋಟೋಕಾಲುಗಳಲ್ಲಿ ಯಾರೂ ಬರೆದಿರಲಿಲ್ಲ.

ದುಡ್ಡು ಹರಿದದ್ದು ಫಿಲ್ಟರಿಗೆ. 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಒಂದಕ್ಕೆ ಆಗ 80 ರೂಪಾಯಿ ಆಸುಪಾಸು. ಚರಂಡಿ ನೀರನ್ನು ನೇರ ತಳ್ಳಿದರೆ ಮೂರ್ನಾಲ್ಕು ಮಿ.ಲೀ.ಗೆ ಕಟ್ಟಿಕೊಳ್ಳುತ್ತದೆ. ಮೊದಲ ತಿಂಗಳಿಗೆ 40 ಫಿಲ್ಟರ್, ಮೂರು ಸಾವಿರಕ್ಕೂ ಮೇಲೆ. ಈಗ ನಾಲ್ಕು ಪದರಿನ ಮಸ್ಲಿನ್ ಬಟ್ಟೆ, ಆಮೇಲೆ ವಾಟ್‌ಮನ್ 1 ಫಿಲ್ಟರ್ ಪೇಪರ್, ಆಮೇಲೆ ಟೇಬಲ್ ಸೆಂಟ್ರಿಫ್ಯೂಜಿನಲ್ಲಿ 2 ಮಿ.ಲೀ. ಟ್ಯೂಬುಗಳು 10,000 ಆರ್‌ಪಿಎಂ, ಕೊನೆಗೆ ಫಿಲ್ಟರ್. ಒಂದು ಸ್ಯಾಂಪಲ್ಲಿಗೆ ಒಂದೇ ಸಾಕು. ಉಳಿದ ಬ್ಯಾಕ್ಟೀರಿಯಾ ಕೊಲ್ಲಲು ಕ್ಲೋರೋಫಾರ್ಮ್ ಹಾಕಿದ ಲೈಸೇಟನ್ನು (ಬ್ಯಾಕ್ಟೀರಿಯಾ ಒಡೆದು ಫೇಜ್ ಹೊರಬಿದ್ದ ದ್ರವ) ಮಾತ್ರ ಪಿ.ಇ.ಎಸ್. (ಪಾಲಿಈಥರ್ ಸಲ್ಫೋನ್) ಫಿಲ್ಟರಿಗೆ ಕೊಡಬೇಡಿ, ಪೊರೆಯೇ ಕರಗುತ್ತದೆ, ಬ್ಯಾಕ್ಟೀರಿಯಾ ಸಲೀಸಾಗಿ ದಾಟುತ್ತದೆ. ಪಾಲಿಸ್ಟೈರೀನ್ ಟ್ಯೂಬಿನದೂ ಅದೇ ಗತಿ. ಪಾಲಿಪ್ರೊಪಿಲೀನ್ ಇಲ್ಲವೇ ಗಾಜು.

ಎನ್‌ರಿಚ್‌ಮೆಂಟ್ (ನೀರಿನಲ್ಲಿರುವ ಕೆಲವೇ ಫೇಜ್‌ಗಳನ್ನು ಹೆಚ್ಚಿಸಿಕೊಳ್ಳುವುದು) ಸರಳ: ಎರಡು ಪಟ್ಟು ಗಟ್ಟಿಯ ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ, ಬ್ರಾತ್) 25 ಮಿ.ಲೀ., ಸೋಸಿದ ನೀರು 25 ಮಿ.ಲೀ., ಲಾಗ್ ಹಂತದ (ಚುರುಕಾಗಿ ಬೆಳೆಯುತ್ತಿರುವ) ಹೋಸ್ಟ್ 1 ಮಿ.ಲೀ., ಕ್ಯಾಲ್ಸಿಯಂ ಕ್ಲೋರೈಡ್ ಕೊನೆಗೆ 1 ಮಿಲಿಮೋಲಾರ್ ಬರುವಂತೆ, 37 ಡಿಗ್ರಿ, ರಾತ್ರಿಯಿಡೀ. ಕ್ಯಾಲ್ಸಿಯಂ ಬೇರೆಯಾಗಿ ಆಟೋಕ್ಲೇವ್ ಆಗಬೇಕು. ಟಿಎಸ್‌ಬಿಯಂಥ ಫಾಸ್ಫೇಟ್ ಇರುವ ಬ್ರಾತಿನ ಜೊತೆಗೇ ಇಟ್ಟರೆ ಬಿಳಿ ಗಸಿ ಕೂರುತ್ತದೆ. ಒಂದೇ ಹೋಸ್ಟ್ ಹಾಕುವ ಬದಲು ಮಿಶ್ರಣ ಹಾಕಿದ್ದೇ ನನಗೆ ದೊಡ್ಡ ಲಾಭ. ಯಾವ ತಳಿ, ಎಷ್ಟೆಷ್ಟು ಅನ್ನುವುದನ್ನು ಪೇಪರ್ ಬರುವ ತನಕ ಹೇಳಲಾರೆ.

ಎನ್‌ರಿಚ್‌ಮೆಂಟ್ ಆದ ಮೇಲೆ ಸೆಂಟ್ರಿಫ್ಯೂಜಿಗೆ ಹಾಕಿದಾಗ, ಲೋಳೆ ತಳಿಗಳ ಪೆಲೆಟ್ (ತಳಕ್ಕೆ ಕೂರುವ ಕೋಶಗಳ ಮುದ್ದೆ) ಹತ್ತು ನಿಮಿಷಕ್ಕೆ ಕೂರುವುದಿಲ್ಲ. 25 ನಿಮಿಷ ತಿರುಗಿಸಿ, ಮೇಲಿನ ಮುಕ್ಕಾಲು ಭಾಗ ಮಾತ್ರ ಎತ್ತಿಕೊಳ್ಳಿ. ಟಾಪ್ ಅಗರ್ 0.7% ಇದ್ದಾಗ ಪ್ಲಾಕ್ ಕಣ್ಣಿಗೇ ಬೀಳಲಿಲ್ಲ, 0.4%ಗೆ ಇಳಿಸಿದ ಮೇಲೆ ಎದ್ದು ಕಂಡವು. ವಾಟರ್ ಬಾತಿನ ಡಯಲ್ ನಂಬದೆ ಥರ್ಮಾಮೀಟರ್ ಇಳಿಬಿಟ್ಟು 47 ಡಿಗ್ರಿ ಹಿಡಿಯಿರಿ. 50 ದಾಟಿದರೆ ಹೋಸ್ಟ್ ಸಾಯುತ್ತದೆ, 42ಕ್ಕೆ ಇಳಿದರೆ ಸುರಿಯುವಾಗಲೇ ಗಂಟುಗಂಟು. ನಮ್ಮ ಬೇಸಿಗೆಯಲ್ಲಿ ಕೆಳಗಿನ ಪದರಕ್ಕೆ ಪ್ಲೇಟಿಗೆ 25 ಮಿ.ಲೀ. ಅಗರ್ ಬೇಕೇ ಬೇಕು. 15 ಹಾಕಿದರೆ ಬೆಳಗಾಗುವಷ್ಟರಲ್ಲಿ ಅಂಚು ಸೀಳಿ ಹಪ್ಪಳದಂತೆ ಏಳುತ್ತದೆ.

ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಗುಂಡುಸೂಜಿಯ ತಲೆಯಷ್ಟು ತಿಳಿ, ಸುತ್ತ ಮಂಜು ಕವಿದಂಥ ಉಂಗುರ. ಮರುದಿನ ನಡುವಿನ ತಿಳಿ ಇದ್ದಷ್ಟೇ, ಉಂಗುರ ಮಾತ್ರ ಅಗಲವಾಗಿರುತ್ತದೆ. ಫೇಜಿನ ಡಿಪಾಲಿಮರೇಸ್ ಎಂಬ ಕಿಣ್ವ ಹೋಸ್ಟಿನ ಕ್ಯಾಪ್ಸೂಲ್ (ಹೊರಗಿನ ಲೋಳೆ ಕವಚ) ತಿನ್ನುತ್ತಿದೆ ಎಂದರ್ಥ. ಇದನ್ನು ಕಂಟಾಮಿನೇಷನ್ ಅಂದುಕೊಂಡು ಎರಡು ಪ್ಲೇಟ್ ಎಸೆದಿದ್ದೆ, ಆ ಸಂಕಟ ಇನ್ನೂ ಇದೆ.

ಸ್ಪಾಟ್ ಟೆಸ್ಟಿನಲ್ಲಿ (ಹೋಸ್ಟ್ ಪದರದ ಮೇಲೆ ಲೈಸೇಟಿನ ಹನಿ ಇಟ್ಟು ನೋಡುವುದು) ತಿಳಿ ಬಂದ ಕೂಡಲೇ ಗೈಡಿಗೆ ಹೇಳಬೇಡಿ. ಲೈಸೇಟಿನಲ್ಲಿ ಉಳಿದ ಕ್ಲೋರೋಫಾರ್ಮ್ ಆಗಲಿ, ಬ್ಯಾಕ್ಟೀರಿಯೋಸಿನ್ (ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸುರಿಸುವ ಪ್ರೋಟೀನ್) ಆಗಲಿ ಅದೇ ತಿಳಿ ಕೊಡುತ್ತವೆ. ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗಿ: ಫೇಜ್ ಆದರೆ ಮಚ್ಚೆ ಒಡೆದು ಬಿಡಿಬಿಡಿ ಪ್ಲಾಕ್ ಆಗುತ್ತದೆ, ಅಲ್ಲವಾದರೆ ಸುಮ್ಮನೆ ಮಸುಕಾಗಿ ಮಾಯವಾಗುತ್ತದೆ. ನಾನು ಹಿಗ್ಗಿದ್ದ ಮೊದಲ ‘ಫೇಜ್’ ಬರೀ ಕ್ಲೋರೋಫಾರ್ಮ್ ಆಗಿತ್ತು. ಈಗ ಮುಚ್ಚಳ ತೆರೆದು ಫ್ಯೂಮ್ ಹುಡ್ಡಿನಲ್ಲಿ ಒಂದೆರಡು ತಾಸು ಬಿಡುತ್ತೇನೆ. ನಿಜವಾದದ್ದನ್ನು ಒಂಟಿ ಪ್ಲಾಕಿನಿಂದ ಮೂರು ಸುತ್ತು ಶುದ್ಧಮಾಡಿದೆ.

ನಡುವೆ ಕುತೂಹಲಕ್ಕೆ ಬೇರೆ ನೀರೂ ನೋಡಿದೆ. ತೊರವಿ ಕಡೆಯ ಸುರಂಗ ಬಾವಡಿ (ಹಳೆಯ ಬಾವಿ), ಭೂತನಾಳ ಕೆರೆ, ಎಮ್ಮೆ ಕೊಟ್ಟಿಗೆ ತೊಳೆದ ನೀರು. ಬಾವಡಿಯಲ್ಲಿ ಏನೂ ಇಲ್ಲ, ಕೆರೆಯಲ್ಲೂ ಇಲ್ಲ. ಕೊಟ್ಟಿಗೆ ನೀರಿನಲ್ಲಿ ಇ. ಕೋಲೈ ಫೇಜ್ ರಾಶಿ, ಕ್ಲೆಬ್ಸಿಯೆಲ್ಲಾದ್ದು ಒಂದೂ ಇಲ್ಲ. ಹೋಸ್ಟ್ ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಹುಡುಕಬೇಕು.

ಶುದ್ಧಮಾಡಿದ ಫೇಜ್ ಸ್ಟಾಕ್ ಎಸ್‌ಎಂ ಬಫರಿನಲ್ಲಿ (ಫೇಜ್ ಕಾಪಿಡುವ ಉಪ್ಪಿನ ದ್ರಾವಣ), 4 ಡಿಗ್ರಿ, ಗಾಜಿನ ವಯಲ್. ಮಿ.ಲೀ.ಗೆ ಸುಮಾರು ನೂರು ಕೋಟಿ ಪಿಎಫ್‌ಯು (ಪ್ಲಾಕ್ ಮಾಡಬಲ್ಲ ಫೇಜ್‌ಗಳ ಎಣಿಕೆ) ಇದ್ದದ್ದು ನಾಲ್ಕು ತಿಂಗಳಲ್ಲಿ ಎರಡು ಫೇಜಿಗೆ ಹತ್ತನೇ ಒಂದಕ್ಕೆ ಇಳಿಯಿತು, ಮೂರನೆಯದು ಅಲುಗಲಿಲ್ಲ. ಗ್ಲಿಸರಾಲ್ ಹಾಕದೆ ಮೈನಸ್ 20ರಲ್ಲಿ ಇಟ್ಟದ್ದು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಹಾಗಾಗಿ ಫೇಜ್ ಆಗತಾನೇ ಹೊಕ್ಕ ಹೋಸ್ಟ್ ಕೋಶಗಳನ್ನೇ ಗ್ಲಿಸರಾಲಿನಲ್ಲಿ ಮೈನಸ್ 80ಕ್ಕೆ ಇಡಲು ಶುರುಮಾಡಿದ್ದೇನೆ. ಎಷ್ಟು ಹೊತ್ತಿಗೆ ತೆಗೆದು ಹೆಪ್ಪುಗಟ್ಟಿಸಬೇಕು ಎಂದು 5, 10, 15 ನಿಮಿಷಗಳ ಸೆಟ್ ಮೊನ್ನೆ ಒಳಗಿಟ್ಟೆ, ಮೂರು ತಿಂಗಳ ಮೇಲೆ ತೆರೆಯುತ್ತೇನೆ.